ಮೂರು ಕೊಳವೆ ಹೊತ್ತು ಹೈದರಾಬಾದಿಗೆ

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ನಾನು ಹೋದದ್ದು ಎರಡು ಸಾವಿರದ ಇಸವಿಯ ಸಂಕ್ರಾಂತಿಗೋ ಅದರ ಮುಂದಿನದಕ್ಕೋ ಎಂಬುದೇ ಖಾತ್ರಿಯಿಲ್ಲ. ಆಗ ಡೈರಿ ಬರೆಯುತ್ತಿದ್ದೆ, ನಿಜ. ಆದರೆ ಆ ವಾರದ ಪುಟಗಳಲ್ಲಿ ಉಷ್ಣಾಂಶ, ವೋಲ್ಟು, ಆಂಪಿಯರುಗಳಷ್ಟೇ ಇವೆ, ಮನುಷ್ಯರು ಇಲ್ಲ. ಮನುಷ್ಯರನ್ನು ಈಗ ನೆನಪಿನಿಂದ ತುಂಬುತ್ತಿದ್ದೇನೆ. ನೆನಪಿಗೆ ತನ್ನದೇ ಪಕ್ಷಪಾತ ಇರುತ್ತದೆ ಎಂಬುದನ್ನು ಓದುವವರು ಗಮನದಲ್ಲಿಟ್ಟುಕೊಳ್ಳಬೇಕು.

ನಾನು ಹೋಗಬೇಕಾಗಿದ್ದದ್ದು ಜರ್ಮನಿಗೆ. ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ಎರಡು ವರ್ಷ ಪುಡಿ ಅರೆದು, ಒತ್ತಿ, ಕುಲುಮೆಯಲ್ಲಿ ಸುಟ್ಟು, ಗೇಣುದ್ದದ ಕಪ್ಪು ಪಿಂಗಾಣಿ ಕೊಳವೆಗಳನ್ನು ಮಾಡಿದ್ದೆ. ಸುಟ್ಟವು ನೂರಾರು, ಒಡೆಯದೆ ಉಳಿದವು ಮೂರು. ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಇವು ಅತಿವಾಹಕಗಳಾಗುತ್ತವೆ. ವಿದ್ಯುತ್ತಿಗೆ ಯಾವ ಅಡ್ಡಿಯನ್ನೂ ಮಾಡದೆ ಬಿಡುತ್ತವೆ. ಆದರೆ ಎಲ್ಲೋ ತಂತಿ ತಂತಿ ತಾಗಿ ಶಾರ್ಟ್ ಸರ್ಕ್ಯೂಟ್ ಆಗಿ ಪ್ರವಾಹ ಒಮ್ಮೆಲೇ ಉಕ್ಕಿದರೆ, ಆ ಗುಣ ಕಳೆದುಕೊಂಡು ತಾವೇ ಅಡ್ಡ ನಿಲ್ಲುತ್ತವೆ. ಸ್ವಿಚ್ಚು ಬೇಡ, ಯಾರೂ ಆಜ್ಞೆ ಮಾಡಬೇಕಿಲ್ಲ. ಮುಂದಿರುವ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಹೀಗೆಂದು ಪುಸ್ತಕ ಹೇಳುತ್ತಿತ್ತು. ನನ್ನ ಕೊಳವೆಯೂ ಹಾಗೆ ಹೇಳುತ್ತದೆಯೋ ಜರ್ಮನಿಯ ಪ್ರಯೋಗಾಲಯದಲ್ಲಿ ನೋಡಬೇಕಾಗಿತ್ತು.

ಪಾಸ್‌ಪೋರ್ಟು ಬಂತು. ಕೊಳವೆಗಳನ್ನು ದೇಶದಾಚೆ ಒಯ್ಯುವ ಅನುಮತಿ ಬರಲಿಲ್ಲ. ಗೈಡು ಮೇಷ್ಟ್ರು ಒಂದು ದಿನ ಕರೆದು, ಹೈದರಾಬಾದಿನಲ್ಲಿ ನಿಮ್ಮ ಮಾಮಾ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಇದ್ದರಲ್ಲ, ಅಲ್ಲಿ ಪರೀಕ್ಷೆಯ ಹಾಲ್ ಇದೆಯೇ ಕೇಳು ಎಂದರು. ಅಷ್ಟರಲ್ಲಿ ನಮ್ಮ ಓಣಿಯವರೆಲ್ಲ ನಾನು ಫಾರಿನ್ನಿಗೆ ಹೊರಟೆನೆಂದು ಅರಿಸಿನ ಕುಂಕುಮ ಕೊಟ್ಟು ಮುಗಿಸಿದ್ದರು. ಎದುರುಮನೆಯ ಅಜ್ಜಿಗೆ ಚಾಕಲೇಟು ಬೇರೆ ತರಬೇಕಿತ್ತು. ಅವ್ವ ಯಾರಿಗೂ ನಿಜ ಹೇಳಲಿಲ್ಲ. ಅವ್ವ ಹುಟ್ಟಿದ್ದು ಗುಲಬರ್ಗಾ ಕಡೆ. ಅವಳಿಗೆ ಹೈದರಾಬಾದ್ ತವರಿನ ಹಳೆಯ ರಾಜಧಾನಿ. ನನಗೆ ಅದು ಜರ್ಮನಿಯಷ್ಟೇ ಪರದೇಶ.

ಇನ್ನೊಂದು ಕಾಗದವೂ ಚೀಲದಲ್ಲಿತ್ತು. ಹೈದರಾಬಾದಿನದೇ ಒಂದು ಸಾಫ್ಟ್‌ವೇರ್ ಕಂಪನಿ ನನ್ನನ್ನು ತರಬೇತಿಗೆ ಆರಿಸಿತ್ತು. ಹಬ್ಬ ಕಳೆದ ಸೋಮವಾರ ಹಾಜರಾಗಬೇಕು. ನನ್ನ ಶಿಷ್ಯವೇತನ ಆ ತಿಂಗಳಿಗೆ ಮುಗಿಯುತ್ತಿತ್ತು. ಫಲಿತಾಂಶದ ಒಂದು ಗ್ರಾಫ್ ತಂದರೆ ಮುಂದುವರಿಸುವ ಮಾತಾಡಬಹುದು, ಇಲ್ಲದಿದ್ದರೆ ಕಷ್ಟ ಎಂದು ಮೇಷ್ಟ್ರು ಹೇಳಿದ್ದರು. ಮೂರು ಕೊಳವೆ, ಎರಡು ದಿನ, ಒಂದು ಗ್ರಾಫ್. ಆಗಲಿಲ್ಲ ಎಂದರೆ ಸೋಮವಾರ ಕಂಪ್ಯೂಟರ್ ಮುಂದೆ.

ನಾಂಪಲ್ಲಿ

ಕೊಳವೆಗಳನ್ನು ಅವ್ವನ ಕೌದಿಯಲ್ಲಿ ಸುತ್ತಿ, ಹಣ್ಣಿನ ಪೆಟ್ಟಿಗೆಯಲ್ಲಿ ಇಟ್ಟು, ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ. ಸ್ಟೇಷನ್ನಿನ ಬಾಗಿಲಲ್ಲಿ ಪೊಲೀಸಿನವನೊಬ್ಬ ತಡೆದ. ಇಷ್ಟು ಜೋಪಾನವಾಗಿ ಹಿಡಿದಿದ್ದೀಯಲ್ಲ, ಒಳಗೆ ಮಗುವೇನು ಎಂದು ಹಿಂದಿಯಲ್ಲಿ ಕೇಳಿದ. ಬಿಚ್ಚಿ ತೋರಿಸಿದೆ. ಮೂರು ಕಪ್ಪು ಕೊಳವೆ ನೋಡಿ ಅವನ ಮುಖ ಬದಲಾಯಿತು. ಆ ಕಾಲದಲ್ಲಿ ಕಪ್ಪು ಕೊಳವೆ ಎಂದರೆ ಜನ ಬೇರೆಯದೇ ಯೋಚಿಸುತ್ತಿದ್ದರು.

ಬಿಡಿಸಿದವರು ಶರಣಪ್ಪ ಮಾಮಾ, ಅವ್ವನ ತಮ್ಮ. ಬಿಳಿ ಅಂಗಿ, ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು. ಬಾಲಾನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟ್ರಾನ್ಸ್‌ಫಾರ್ಮರುಗಳಿಗೆ ತಂತಿ ಸುತ್ತಿ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಬಂದವರೇ ಪೊಲೀಸಿನವನ ಜೊತೆ ಉರ್ದುವಿನಲ್ಲಿ ಏನೋ ಹೇಳಿ ನಗಿಸಿದರು. ಏನು ಹೇಳಿದಿರಿ ಎಂದು ಕೇಳಿದೆ.

"ಊದಗೊಳವಿ ಅಂದೆ. ಧಾರವಾಡದಾಗ ಹೆಣ್ಣುಮಕ್ಕಳು ಇನ್ನಾ ಕಟ್ಟಿಗಿ ಒಲಿ ಊದತಾರ ಅಂದೆ."

ಎರಡು ವರ್ಷದ ಸಂಶೋಧನೆ ಊದುಗೊಳವೆಯಾಗಿ ಹೈದರಾಬಾದ್ ಪ್ರವೇಶಿಸಿತು.

ದಿಲ್‌ಸುಖ್‌ನಗರ

ಮಾಮಾನ ಮನೆ ಮೂರನೆಯ ಮಹಡಿ. ಕೆಳಗಿನ ಮೂರು ಕೋಣೆಗಳನ್ನು ಮನೆಯೊಡತಿ ಕಂಪ್ಯೂಟರ್ ಕೋರ್ಸಿಗೆ ಬಂದ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದರು. ಬೀದಿಯ ಪ್ರತಿ ಗೋಡೆಯ ಮೇಲೂ ಜಾವಾ, ಒರಾಕಲ್ ಎಂದು ಬರೆದಿತ್ತು. ಬೆಳಿಗ್ಗೆ ಆರಕ್ಕೇ ಹುಡುಗ ಹುಡುಗಿಯರು ನೋಟ್‌ಬುಕ್ ಹಿಡಿದು ದೇವಸ್ಥಾನಕ್ಕೆ ಹೋಗುವವರ ಹಾಗೆ ಗಂಭೀರವಾಗಿ ನಡೆದುಹೋಗುತ್ತಿದ್ದರು. ಮನೆಯೊಡತಿ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಏಂ ಕೋರ್ಸಮ್ಮಾ?" ಎಂದರು. ಪಿಂಗಾಣಿ ಎಂದು ನಾನು ಹರುಕು ಹಿಂದಿಯಲ್ಲಿ ಹೇಳಿದೆ. ಅದು ಎಷ್ಟು ತಿಂಗಳಿನದು, ಅಮೆರಿಕದಲ್ಲಿ ನಡೆಯುತ್ತದೆಯೇ ಎಂದು ಕೇಳಿದರು. ಈ ಎರಡನೆಯ ಪ್ರಶ್ನೆಗೆ ಉತ್ತರ ನನಗೂ ಬೇಕಾಗಿತ್ತು.

ಗಂಗತ್ತಿ, ಅಂದರೆ ಮಾಮಾನ ಹೆಂಡತಿ, ಸಂಕ್ರಾಂತಿಗೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ಮೇಲೆ ಎಳ್ಳು ಒತ್ತಿ ಬಿಸಿಲಿಗೆ ಇಡುವ ರೊಟ್ಟಿ. ಕೆಳಗಿನ ಅಂಗಳದಲ್ಲಿ ತೆಲುಗಿನವರು ಮಾರುದ್ದ ರಂಗೋಲಿ ಹಾಕುತ್ತಿದ್ದರು. ನಮ್ಮ ಕಡೆ ಚುಕ್ಕಿ ಎಣಿಸಿ ಹೊಸ್ತಿಲ ಮುಂದೆ ಹಾಕಿದರೆ ಮುಗಿಯಿತು. ಇವರದು ಬೀದಿ ದಾಟಿ ಎದುರುಮನೆ ಮುಟ್ಟುತ್ತಿತ್ತು. ಬಸ್ಸುಗಳು ಅದನ್ನು ತುಳಿಯದ ಹಾಗೆ ಓರೆಯಾಗಿ ಹೋಗುವುದನ್ನು ನಾನು ನೋಡಿದ್ದೇನೆ. ಅಥವಾ ಒಂದು ಬಸ್ಸು ಹಾಗೆ ಹೋಗಿರಬಹುದು.

ಊಟದ ಹೊತ್ತಿಗೆ ಮಾಮಾ, ನಿನ್ನ ಕೊಳವೆ ಮಾಡುವ ಕೆಲಸವಾದರೂ ಏನು ಎಂದು ಕೇಳಿದರು. ಮೇಲೆ ಬರೆದದ್ದನ್ನೇ ಹೇಳಿದೆ. ಎಲ್ಲ ಸರಿಯಿರುವಾಗ ಇದ್ದೂ ಇಲ್ಲದ ಹಾಗೆ ಇರುತ್ತದೆ, ಮಿತಿ ಮೀರಿದಾಗ ಎದ್ದು ಅಡ್ಡ ನಿಲ್ಲುತ್ತದೆ ಎಂದೆ.

"ಅಂದ್ರ ನಿಮ್ಮ ಅತ್ತಿ ಇದ್ದಂಗ," ಎಂದರು ಮಾಮಾ.

"ಎದ್ದು ನಿಂತದ್ದು ಇನ್ನಾ ನೋಡಿಲ್ಲ ನೀವು," ಎಂದು ಅತ್ತಿ ಒಲೆಯ ಮುಂದಿನಿಂದಲೇ ಹೇಳಿದರು.

ದ್ರವ ಸಾರಜನಕ ಎಲ್ಲಿ ಸಿಗುತ್ತದೆ ಎಂಬುದು ನನ್ನ ದೊಡ್ಡ ಚಿಂತೆಯಾಗಿತ್ತು. ಮಾಮಾ ಪಶುವೈದ್ಯ ಇಲಾಖೆಯಲ್ಲಿದ್ದ ಗೆಳೆಯನಿಗೆ ಹೇಳಿಟ್ಟಿದ್ದರು. ಹಸು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವವರು ಹೋರಿಯ ವೀರ್ಯವನ್ನು ಅದರಲ್ಲೇ ಇಡುತ್ತಾರೆ. ಸಂಜೆ ಆಟೋದಲ್ಲಿ ಎರಡು ದೊಡ್ಡ ಕ್ಯಾನು ಬಂದವು. ತಂದವನು ಬಹಳ ಮರ್ಯಾದೆಯಿಂದ, ಮೂರನೆಯ ಮಹಡಿಯಲ್ಲಿ ಎಮ್ಮೆಯನ್ನು ಹೇಗೆ ಸಾಕಿದ್ದೀರಿ ಎಂದು ಕೇಳಿದ. ಮುಚ್ಚಳ ತೆಗೆದಾಗ ಬಿಳಿ ಹೊಗೆ ಮೆಟ್ಟಿಲಿಳಿದು ಕೋರ್ಸಿನ ಹುಡುಗಿಯರ ಕೋಣೆಗೆ ಹೋಯಿತು. ಎಲ್ಲರೂ ಹೊರಗೆ ಬಂದರು. ಅವರಲ್ಲಿ ಒಬ್ಬಳು ಮಂಗಳೂರಿನವಳು, ಕನ್ನಡದಲ್ಲಿ, "ನೀವು ಇದನ್ನೆಲ್ಲ ಬಿಟ್ಟು ಕೋರ್ಸು ಮಾಡಿ ಅಕ್ಕಾ" ಎಂದಳು. ಅವಳು ತಮಾಷೆಗೆ ಹೇಳಲಿಲ್ಲ.

ಬಾಲಾನಗರ, ಭೋಗಿಯ ದಿನ

ಹಬ್ಬಕ್ಕೆ ಕಾರ್ಖಾನೆ ಮುಚ್ಚಿತ್ತು. ಅದಕ್ಕೇ ನಮಗೆ ಹಾಲ್ ಸಿಕ್ಕಿದ್ದು. ಹಾಲ್ ನೋಡಿಕೊಳ್ಳುತ್ತಿದ್ದ ಆಪರೇಟರ್ ಖಾಸಿಂ ಸಾಹೇಬರು ಮಾಮಾನ ಹಳೆಯ ಗೆಳೆಯರು, ಬೀದರಿನವರು. ಕನ್ನಡದಲ್ಲಿ ಶುರು ಮಾಡಿದ ವಾಕ್ಯವನ್ನು ದಖ್ಖನಿಯಲ್ಲಿ ಮುಗಿಸುತ್ತಿದ್ದರು.

ಪರೀಕ್ಷೆಯ ಕ್ರಮ ಸರಳ. ಮೊದಲು ಕೊಳವೆಯ ಜಾಗದಲ್ಲಿ ಒಂದು ತಾಮ್ರದ ಸರಳು ಹಾಕಿ, ಬೇಕೆಂದೇ ಶಾರ್ಟ್ ಮಾಡಿ, ಅಡ್ಡಿಯಿಲ್ಲದಿದ್ದರೆ ಪ್ರವಾಹ ಎಷ್ಟು ಏರುತ್ತದೆ ನೋಡುವುದು. ಆಮೇಲೆ ಸರಳು ತೆಗೆದು ಕೊಳವೆ ಹಾಕಿ, ಅದೇ ಏಟು ಕೊಟ್ಟು, ಎಷ್ಟು ತಗ್ಗಿತು ನೋಡುವುದು. ಏಟಿನ ಬಲ ನಿರ್ಧರಿಸುವುದು ಹಾಲ್‌ನ ಹಿಂದೆ ಜಾಲರಿಯೊಳಗೆ ನಿಂತಿದ್ದ ಒಂದು ಆಳೆತ್ತರದ ಸುರುಳಿ. ಅದರ ಅರ್ಧಕ್ಕೆ ಅಡ್ಡಲಾಗಿ ಒಂದು ತಾಮ್ರದ ಪಟ್ಟಿ ಬಿಗಿದಿರುತ್ತದೆ. ಪಟ್ಟಿ ಇದ್ದರೆ ಪೂರ್ತಿ ಏಟು. ಪಟ್ಟಿ ತೆಗೆದರೆ ಪ್ರವಾಹ ಇಡೀ ಸುರುಳಿ ಸುತ್ತಿ ಬರಬೇಕು, ಏಟು ಮೆತ್ತಗಾಗುತ್ತದೆ. ನಾಲ್ಕು ಬೋಲ್ಟು, ಅವನ್ನು ತಿರುಗಿಸಲು ಒಂದು ಪಾನಾ, ಐದು ನಿಮಿಷದ ಕೆಲಸ.

ಮೊದಲ ಕೊಳವೆಯನ್ನು ನಾನೇ ಕೊಂದೆ. ಅವಸರಪಟ್ಟು ಸಾರಜನಕ ಸುರಿದೆ. ಟಕ್ ಎಂದು ಸಣ್ಣ ಸದ್ದು, ಉಗುರಿನಿಂದ ಹುರುಳಿಕಾಳು ಒಡೆದ ಹಾಗೆ. ಉದ್ದಕ್ಕೂ ಸೀಳಿತ್ತು. ಏಟು ತಿನ್ನುವ ಮೊದಲೇ ಹೋಯಿತು.

ಎರಡನೆಯದನ್ನು ತಾಸುಗಟ್ಟಲೆ ಮುದ್ದು ಮಾಡಿ ತಣಿಸಿದೆ. ಆಗ ಖಾಸಿಂ ಸಾಹೇಬರು ಪಾನಾ ಹಿಡಿದು ಎದ್ದರು. ಆ ಹಾಲ್‌ನಲ್ಲಿ ಒಂದು ಪದ್ಧತಿ ಇತ್ತು. ಹೊಸ ಮಾಲು ಯಾವುದೇ ಬರಲಿ, ಮೊದಲ ಏಟು ಪಟ್ಟಿ ತೆಗೆದು ಕೊಡುತ್ತಿದ್ದರು. ಆ ಏಟನ್ನು ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಮಾಲು ಮೈ ಬಿಡಲಿ ಎಂದು ಅಷ್ಟೇ. ಮಾಮಾ ಅದನ್ನು ಎತ್ತಿಗೆ ಮೊದಲ ದಿನ ಖಾಲಿ ಬಂಡಿ ಕಟ್ಟಿದ ಹಾಗೆ ಎಂದರು.

"ಹೊಸಾ ಮಾಲು ಐತಿ ಬೇಟಿ," ಎಂದರು ಖಾಸಿಂ ಸಾಹೇಬರು. "ಪಹಲಾ ಝಟ್ಕಾ ಮೆತ್ತಗ ಕೊಡೂಣು. ಆಮ್ಯಾಲ ನೀ ಬರದಿದ್ದಷ್ಟು."

ನಾನು ಒಪ್ಪಲಿಲ್ಲ. ಬರೆಯದ ಏಟು ವಿಜ್ಞಾನದಲ್ಲಿ ಇರಬಾರದು, ಅದು ಕೊಳವೆಯ ಸ್ವಭಾವವನ್ನೇ ಬದಲಿಸಬಹುದು ಎಂದು ಭಾಷಣ ಮಾಡಿದೆ. ಆಗ ನನಗೆ ಇಪ್ಪತ್ತೈದು ವರ್ಷ. ಅವರಿಬ್ಬರ ಅನುಭವ ಸೇರಿದರೆ ಅರವತ್ತು. ಖಾಸಿಂ ಸಾಹೇಬರು ಮಾಮಾನ ಮುಖ ನೋಡಿದರು. ಮಾಮಾ, ಆಕಿ ಹೇಳಿದಂಗ ಮಾಡು ಎಂದರು. ಪೂರ್ತಿ ಏಟು ಕೊಟ್ಟರು. ಕೊಳವೆ ಮೂರು ತುಂಡಾಗಿ, ಒಂದು ತುಂಡು ಪಾತ್ರೆಯಿಂದ ಹಾರಿ ಬಂತು.

ಬಸ್ಸಿನಲ್ಲಿ ಮರಳಿದೆವು. ಅಮೀರ್‌ಪೇಟೆಯ ಹತ್ತಿರ ಬಸ್ಸು ತುಂಬಾ ಕೋರ್ಸಿನವರೇ ಹತ್ತಿದರು. ನಾನು ಕಿಟಕಿಗೆ ಮುಖ ಮಾಡಿ ಅತ್ತೆ. ಮಾಮಾ ನೋಡಿದರು ಎಂದು ನನ್ನ ನಂಬಿಕೆ. ಅವರು ಕೇಳಿದ್ದು ಒಂದೇ ಮಾತು.

"ಸೋಮವಾರದ ಆ ಕಂಪನಿ, ನಿನಗ ಮನಸೈತೇನು ಅವ್ವಿ?"

ಇಲ್ಲ ಎಂದೆ. ಅವರು ಟವೆಲ್ಲಿನಿಂದ ಕೈ ಒರೆಸಿಕೊಂಡರು.

ಬಾಲಾನಗರ, ಹಬ್ಬದ ದಿನ

ಆಕಾಶದ ತುಂಬಾ ಗಾಳಿಪಟ. ಮಾಮಾ ಅವುಗಳನ್ನು ವೈರಿಗಳ ಹಾಗೆ ನೋಡುತ್ತಿದ್ದರು. ದಾರಕ್ಕೆ ಗಾಜಿನ ಪುಡಿ ಮೆತ್ತಿ ಬಿಡುತ್ತಾರೆ, ಅದು ಮಂಜಿಗೆ ಒದ್ದೆಯಾಗಿ ತಂತಿಗಳ ಮೇಲೆ ಬಿದ್ದರೆ ಇಡೀ ಬಡಾವಣೆಯ ಕರೆಂಟು ಹೋಗುತ್ತದೆ. ವರ್ಷವಿಡೀ ದುಡಿದ ಟ್ರಾನ್ಸ್‌ಫಾರ್ಮರು ಪಟದ ದಾರಕ್ಕೆ ಸಾಯುತ್ತದೆ ಎಂದರು. ನನ್ನ ಕೊಳವೆಯ ಉಪಯೋಗವನ್ನು ಮೇಷ್ಟ್ರಿಗಿಂತ ಚೆನ್ನಾಗಿ ಹೇಳಿದ್ದು ಅವರೇ ಇರಬೇಕು.

ಬೆಳಿಗ್ಗೆ ತಾಮ್ರದ ಸರಳಿಗೆ ಏಟು ಕೊಟ್ಟು ಗೆರೆ ತೆಗೆದೆವು. ಅಲ್ಲಿನ ಯಂತ್ರ ಬೆಳಕು ತಾಗಿದರೆ ಕಪ್ಪಾಗುವ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಗೋಪುರದಂಥ ಶಿಖರ. ಆಮೇಲೆ ಮೂರನೆಯ ಕೊಳವೆ ಇಟ್ಟು, ಇಬ್ಬನಿ ಬೀಳುವಷ್ಟು ನಿಧಾನವಾಗಿ ತಣಿಸಿದೆ. ಅಷ್ಟರಲ್ಲಿ ಗಂಗತ್ತಿ ಎರಡು ಬಸ್ಸು ಬದಲಿಸಿ ಬುತ್ತಿ ಹೊತ್ತು ಬಂದರು. ಹಬ್ಬದ ದಿನ ಯಂತ್ರದ ಮುಂದೆ ಕುಳಿತು ಉಣ್ಣಬಾರದು ಎಂದು ಹೊರಗೆ ಬೇವಿನ ಮರದ ಕೆಳಗೆ ಎಳೆದುಕೊಂಡು ಹೋದರು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ. ನಾನು ಎರಡು ತುತ್ತಿಗೇ ಏಳಹೊರಟೆ. ಅತ್ತಿ ಪಕ್ಕದಲ್ಲಿ ಕುಳಿತು ಒಂದೊಂದೇ ತುತ್ತು ಮುಗಿಸುವ ತನಕ ಏಳಲು ಬಿಡಲಿಲ್ಲ. ಮಾಮಾ ಮತ್ತು ಖಾಸಿಂ ಸಾಹೇಬರು ಬೇಗ ಉಂಡು, ಬೋಲ್ಟು ಬಿಗಿ ನೋಡುತ್ತೇವೆ ಎಂದು ಒಳಗೆ ಹೋದರು. ಎಷ್ಟು ಹೊತ್ತು? ಹತ್ತು ನಿಮಿಷ, ಅಥವಾ ಅರ್ಧ ತಾಸು. ಡೈರಿಯಲ್ಲಿ 'ಊಟ' ಎಂದು ಮಾತ್ರ ಇದೆ.

ಎರಡು ಗಂಟೆಗೆ ಏಟು ಕೊಟ್ಟೆವು. ಹಾಲ್ ಗುಮ್ಮೆಂದಿತು. ಪಾತ್ರೆಯಿಂದ ಬಿಳಿ ಹೊಗೆ ಎದ್ದು ಹರಡಿತು. ಸಿಡಿದ ಸದ್ದು ಬರಲಿಲ್ಲ. ಕಾಗದ ಹೊರಬಂತು. ಬೆಳಿಗ್ಗೆ ಗೋಪುರವಿದ್ದ ಜಾಗದಲ್ಲಿ ಈಗ ದಿಣ್ಣೆ. ಕೊಳವೆ ಎತ್ತಿ ನೋಡಿದೆವು, ಕೂದಲೆಳೆಯ ಬಿರುಕೂ ಇಲ್ಲ. ಅತ್ತಿಗೆ ಏನೂ ಅರ್ಥವಾಗದಿದ್ದರೂ ನನ್ನ ಕೈಗೆ ಎಳ್ಳು ಬೆಲ್ಲ ಕೊಟ್ಟರು.

ಕೊಳವೆ ನಿಜವಾಗಿ ಅಡ್ಡ ನಿಂತಿತೆಂದು ತೋರಿಸಲು ಅದರ ಎರಡು ತುದಿಗಳ ನಡುವಿನ ವೋಲ್ಟೇಜಿನ ಗೆರೆಯೂ ಬೇಕಾಗಿತ್ತು. ಅದು ಬಂದಿರಲಿಲ್ಲ. ಚಳಿಗೆ ಬೆಸುಗೆ ಬಿಟ್ಟು ಆ ತಂತಿ ಕಳಚಿತ್ತು. ಖಾಸಿಂ ಸಾಹೇಬರು, ಹಾಲ್ ಇನ್ನೂ ಒಂದು ತಾಸು ನಮ್ಮದೇ, ಬೇಕಾದರೆ ತಾಮ್ರದ ಸರಳಿಗೆ ಇನ್ನೊಂದು ಏಟು ಕೊಟ್ಟು ಬೆಳಗಿನದಕ್ಕೆ ಹೋಲಿಸೋಣ ಎಂದರು. ಕೊನೆಯಲ್ಲಿ ಹಾಗೆ ಹೋಲಿಸಿ, ನಡುವೆ ಏನೂ ಬದಲಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದೇ ಕ್ರಮ. ನನಗೆ ಅದು ಗೊತ್ತಿತ್ತು.

"ಸಾಕು ಬಿಡ್ರಿ," ಎಂದೆ.

ಈ ಎರಡು ಮಾತು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಯಾಕೆ ಹೇಳಿದೆ ಎಂಬುದು ನೆನಪಿಲ್ಲ. ದಣಿದಿದ್ದೆ, ಸಂತೋಷವಾಗಿತ್ತು, ಹಬ್ಬದ ದಿನ ಅವರನ್ನು ಮನೆಗೆ ಕಳಿಸಬೇಕಾಗಿತ್ತು. ಎಲ್ಲ ನಿಜ. ಇಷ್ಟೇ ನಿಜವೇ ಎಂದು ಕೇಳಿಕೊಂಡರೆ ಮುಂದೆ ಹೋಗಲಾಗುವುದಿಲ್ಲ.

ಮತ್ತೆ ನಾಂಪಲ್ಲಿ

ರೈಲಿನ ಹಿಂದಿನ ಸಂಜೆ ನಾಂಪಲ್ಲಿಯ ಜನವರಿ ಪ್ರದರ್ಶನಕ್ಕೆ ಹೋದೆವು. ಕಾಶ್ಮೀರದ ಶಾಲು, ಮೊರಾದಾಬಾದಿನ ಹಿತ್ತಾಳೆ, ಸುತ್ತುವ ತೊಟ್ಟಿಲು, ಧೂಳು. ನಮ್ಮ ಕಡೆಯ ಸಂತೆಯಲ್ಲಿ ಕೊಳ್ಳಲು ಹೋಗುತ್ತಾರೆ. ಇಲ್ಲಿ ಇಡೀ ಕುಟುಂಬ ಹೊಸ ಬಟ್ಟೆ ತೊಟ್ಟು ಏನೂ ಕೊಳ್ಳದೆ ಮೂರು ತಾಸು ನಡೆಯುತ್ತಿತ್ತು. ಎದುರುಮನೆ ಅಜ್ಜಿಗೆ ಬಣ್ಣದ ಕಾಗದದ ಚಾಕಲೇಟು ಸಿಕ್ಕಿತು, ಪೆಟ್ಟಿಗೆಯ ಮೇಲೆ ಯಾವುದೋ ಪರದೇಶದ ಬೆಟ್ಟದ ಚಿತ್ರವೂ ಇತ್ತು. ಸಾಫ್ಟ್‌ವೇರ್ ಕಂಪನಿಗೆ ಬರುವುದಿಲ್ಲವೆಂಬ ಕಾಗದವನ್ನು ಆ ದಿನ ಬೆಳಿಗ್ಗೆಯೇ ಅಂಚೆಗೆ ಹಾಕಿದ್ದೆ.

ಅಲ್ಲಿ ಮಾಮಾ ಮಿರ್ಚಿ ಬಜ್ಜಿ ಹಿಡಿದ ಕೈ ಚಾಚಿದಾಗ ನೋಡಿದೆ. ಹೆಬ್ಬೆರಳ ಬುಡದಲ್ಲಿ ಹೊಸ ಗಾಯ, ಪಾನಾ ಜಾರಿದರೆ ಆಗುವಂಥದ್ದು, ಸುತ್ತ ಗ್ರೀಸಿನ ಕಪ್ಪು. ಮಾಮಾ ಆ ಎರಡು ದಿನ ನನ್ನೆದುರು ಏನನ್ನೂ ಮುಟ್ಟಿರಲಿಲ್ಲ, ಬಿಳಿ ಧೋತರದಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು. ಕ್ಯಾನು ಎತ್ತುವಾಗ ತಾಗಿರಬಹುದು. ಮನೆಯ ನಲ್ಲಿ ರಿಪೇರಿಯಲ್ಲಿ ಆಗಿರಬಹುದು. ನಿಜವಾಗಿ ನಾನು ಅದನ್ನು ನೋಡಿದೆನೋ, ಆಮೇಲೆ ರೈಲಿನಲ್ಲಿ ಕುಳಿತು ಯೋಚಿಸುವಾಗ ಆ ಕೈಗೆ ಗಾಯ ಬರೆದೆನೋ, ಪ್ರಮಾಣ ಮಾಡಿ ಹೇಳಲಾರೆ. ರೈಲು ವಾಡಿ ದಾಟುವ ಹೊತ್ತಿಗೆ ಲೆಕ್ಕ ಮಾಡಿದ್ದೆ. ಪಟ್ಟಿ ತೆಗೆದಿದ್ದರೆ, ಕೊಳವೆ ಏನೂ ಮಾಡದಿದ್ದರೂ, ಗೋಪುರ ಹೆಚ್ಚುಕಡಿಮೆ ಅಷ್ಟೇ ಎತ್ತರದ ದಿಣ್ಣೆಯಾಗುತ್ತಿತ್ತು.

ಒಂದು ವ್ಯತ್ಯಾಸ ಇರುತ್ತಿತ್ತು. ಕೊಳವೆಯೇ ತಡೆದಿದ್ದರೆ, ಏರುತ್ತಿರುವ ಗೆರೆ ನಡುವೆ ಒಮ್ಮೆ ಸೊಟ್ಟಗಾಗಬೇಕು. ನನಗೆ ಆ ಸೊಟ್ಟು ಕಂಡಿತ್ತು. ಮೇಷ್ಟ್ರಿಗೆ ಬೆರಳಿಟ್ಟು ತೋರಿಸಿದೆ, ಅವರೂ ಕಂಡಿತೆಂದರು. ಶಿಷ್ಯವೇತನ ಮುಂದುವರಿಯಿತು. ಆ ಕೊಳವೆಯನ್ನು ಸೂಕ್ಷ್ಮದರ್ಶಕಕ್ಕಾಗಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದೆ. ಆಮೇಲೆ ಮಾಡಿದ ಕೊಳವೆಗಳು, ನನ್ನ ವಿದ್ಯಾರ್ಥಿಗಳು ಮಾಡಿದವು, ಸಾಲಾಗಿ ಜನರ ಎದುರು ತಡೆದು ತೋರಿಸಿವೆ, ವೋಲ್ಟೇಜಿನ ಗೆರೆ ಸಮೇತ. ವಿಜ್ಞಾನಕ್ಕೆ ಏನೂ ನಷ್ಟವಾಗಿಲ್ಲ. ಆದರೆ ನಾನು ಈ ದಾರಿಯಲ್ಲಿ ಉಳಿದದ್ದು ಆ ಒಂದು ಕಾಗದದಿಂದ. ಅದು ಈಗ ಪೂರ್ತಿ ಕಪ್ಪಾಗಿದೆ. ಜೆರಾಕ್ಸ್ ಪ್ರತಿಯಲ್ಲಿ ಗೆರೆ ದಪ್ಪ, ಸೊಟ್ಟು ಇದೆ ಎಂದರೆ ಇದೆ.

ಈಚಿನ ದಿಲ್‌ಸುಖ್‌ನಗರ

ಮೊದಲು ಮಾಮಾನಿಗೆ ಪತ್ರ ಬರೆದು ಕೇಳಿದ್ದೆ. ಅತ್ತಿಯ ಮಂಡಿನೋವು, ಸಜ್ಜೆಯ ಹೊಸ ಹಿಟ್ಟು, ಇಷ್ಟು ಬರೆದರು. ಒಮ್ಮೆ ಫೋನಿನಲ್ಲಿ ಕೇಳಿದೆ. ಲೈನು ಸರಿಯಿಲ್ಲ ಎಂದರು, ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಖಾಸಿಂ ಸಾಹೇಬರು ತೀರಿಕೊಂಡು ಹತ್ತು ವರ್ಷವಾಯಿತು.

ಹೋದ ವರ್ಷ ಮತ್ತೆ ಹೋಗಿದ್ದೆ. ಈಗ ಮನೆಯ ಕಿಟಕಿಯ ಎತ್ತರಕ್ಕೇ ಮೆಟ್ರೋ ಓಡುತ್ತದೆ, ಒಳಗಿನವರು ಮೊಬೈಲು ನೋಡುತ್ತಾ ಹಾದುಹೋಗುವುದು ಕಾಣುತ್ತದೆ. ಕೋರ್ಸಿನ ಹುಡುಗಿಯರ ಕೋಣೆಗಳು ಹಾಗೇ ಇವೆ, ಗೋಡೆಯ ಮೇಲಿನ ಹೆಸರುಗಳು ಮಾತ್ರ ಬೇರೆ. ಮಾಮಾನಿಗೆ ಎಂಬತ್ತು ದಾಟಿದೆ. ಕಿವಿ ಚುರುಕಾಗಿದೆ, ಎಲ್ಲ ನೆನಪಿದೆ. ಪೊಲೀಸಿನವನ ಮೀಸೆ ಹೇಗಿತ್ತು ಎಂಬುದನ್ನೂ ಹೇಳಿದರು. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಆ ವಾರ ಪದವಿ ಸಿಕ್ಕಿತ್ತು, ಅವಳ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದರು. ಅತ್ತಿ ಒಳಗೆ ಚಹಾ ಸೋಸುತ್ತಿದ್ದರು. ನಾವಿಬ್ಬರೇ ಇದ್ದೆವು.

ಬೈಯುವುದಕ್ಕಲ್ಲ ಎಂದು ಮೊದಲೇ ಹೇಳಿದೆ. ನನ್ನ ಹುಡುಗಿಯರಿಗೆ ಪ್ರತಿ ವರ್ಷ ಆ ಗ್ರಾಫ್ ತೋರಿಸುತ್ತೇನೆ, ತೋರಿಸುವಾಗ ಏನು ಹೇಳಬೇಕೆಂದು ತಿಳಿಯಬೇಕು, ಅಷ್ಟೇ ಎಂದೆ. ಅವರು ಫೋಟೊವನ್ನು ನನ್ನ ಕೈಗೆ ಮರಳಿ ಕೊಟ್ಟು, ಕಿಟಕಿಯಾಚೆ ನೋಡತೊಡಗಿದರು. ಒಂದು ಮೆಟ್ರೋ ಹೋಯಿತು. ಅದು ಹೋದ ಮೇಲೆ, ಸದ್ದಿಗೆ ಕೇಳಿಸಲಿಲ್ಲವೆಂದು ಹೇಳುವ ಅವಕಾಶ ಇರದಿರಲೆಂದು, ಇನ್ನೊಮ್ಮೆ ಕೇಳಿದೆ.

"ಮಾಮಾ, ಅವತ್ತ ನಾ ಉಣ್ಣಾಕ ಕುಂತಾಗ, ಆ ಪಟ್ಟಿ ತಗದ್ರೇನ್ರಿ?"